ಮಾವನವರ ಮುಂದೆ ನನ್ನ ಸೈಕಲ್

ನಾನು ಸೈಕಲ್ ಕಲಿತದ್ದು ಮದುವೆಯಾಗಿ ನಾಲ್ಕು ವರ್ಷವಾದ ಮೇಲೆ, ನನ್ನ ಮಾವನವರಿಂದ. ಕೇಳಿದವರೆಲ್ಲ ಗಂಡನೇ ಕಲಿಸಿರಬೇಕು ಅಂದುಕೊಳ್ಳುತ್ತಾರೆ. ನನ್ನ ಗಂಡನಿಗೆ ಸೈಕಲ್ ಬರುತ್ತಲೇ ಇರಲಿಲ್ಲ. ಅವರು ಚಿನ್ನದ ಗಣಿಯ ಕಡೆ ಒಂದು ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ಸೋಮವಾರ ಬೆಳಿಗ್ಗೆ ರೈಲು ಹತ್ತಿದರೆ ಕೋಲಾರದ ಮನೆಗೆ ಮತ್ತೆ ಬರುತ್ತಿದ್ದದ್ದು ಶನಿವಾರ ಸಂಜೆ. ಉಳಿದ ದಿನಗಳಲ್ಲಿ ಮನೆಯಲ್ಲಿ ಮಾವ, ಅತ್ತೆ ಮತ್ತು ನಾನು. ನನಗಿನ್ನೂ ಮಕ್ಕಳಾಗಿರಲಿಲ್ಲ.

ಮಾವನವರು ಸರ್ವೆ ಇಲಾಖೆಯಲ್ಲಿ ಜಮೀನು ಅಳೆಯುವ ಕೆಲಸ ಮಾಡಿ ನಿವೃತ್ತರಾದವರು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ, ಈ ನಾಲ್ಕು ತಾಲ್ಲೂಕುಗಳಲ್ಲಿ ಅವರು ಅಳತೆಯ ಸರಪಳಿ ಎಳೆಸದ ಹೊಲ, ಹತ್ತದ ಗುಡ್ಡ ಇರಲಿಲ್ಲ. ಅಳತೆಯ ಕೆಲಸಕ್ಕೆ ಸೈಕಲ್ ಮೇಲೆಯೇ ಓಡಾಡಿದವರು, ನಿವೃತ್ತರಾದ ಮೇಲೂ ಆ ಅಭ್ಯಾಸ ಬಿಡಲಿಲ್ಲ. ಬೆಳಕು ಹರಿಯುವ ಹೊತ್ತಿಗೆ ಹೊರಟು, ಬಿಸಿಲೇರುವಷ್ಟರಲ್ಲಿ ಯಾವುದೋ ಕೆರೆ ಏರಿಯ ಕೆಮ್ಮಣ್ಣನ್ನು ಪಂಚೆಗೆ ಹತ್ತಿಸಿಕೊಂಡು ವಾಪಸಾಗುತ್ತಿದ್ದರು.

ಎರಡನೆಯ ಮಹಾಯುದ್ಧ ಶುರುವಾಗಿದ್ದ ಕಾಲ. ಒಂದು ದಿನ ಅವರು ಎರಡು ಸೈಕಲ್‌ಗಳ ಜೊತೆ ಮನೆಗೆ ಬಂದರು. ಒಂದನ್ನು ತುಳಿಯುತ್ತಾ, ಇನ್ನೊಂದರ ಹ್ಯಾಂಡಲ್ ಹಿಡಿದು ಪಕ್ಕದಲ್ಲಿ ನಡೆಸುತ್ತಾ ಬಂದಿದ್ದರು. ಎರಡನೆಯದಕ್ಕೆ ನಡುವೆ ಅಡ್ಡಪಟ್ಟಿ ಇರಲಿಲ್ಲ. ಹಿಂದಿನ ಗಾಲಿಗೆ ಬಟ್ಟೆ ಸಿಕ್ಕಿಕೊಳ್ಳದ ಹಾಗೆ ದಾರದ ಬಲೆ ಹೆಣೆದಿತ್ತು. ಗಣಿಯಲ್ಲಿದ್ದ ಒಬ್ಬ ಇಂಗ್ಲಿಷ್ ಹೆಂಗಸು ಊರಿಗೆ ಹೊರಡುವಾಗ ಮಾರಿದ್ದಂತೆ.

ಅತ್ತೆ ಹೊಸಿಲಿನಲ್ಲಿ ನಿಂತು ನೋಡಿದರು.

"ಯಾರಿಗೆ ಇದು?"

"ಸೊಸೆಗೆ."

"ಸೊಸೆ ಸೈಕಲ್ ಹತ್ತಿ ಎಲ್ಲಿಗೆ ಹೋಗ್ಬೇಕು?"

"ನನ್ನ ಜೊತೆಗೆ," ಅಂದರು ಮಾವ.

ಅತ್ತೆ ಒಳಗೆ ಹೋಗಿ ರಾಗಿ ಬೀಸಲು ಕೂತರು. ಬೀಸುಕಲ್ಲಿನ ಸದ್ದು ಅವತ್ತು ಎಂದಿಗಿಂತ ಜೋರಾಗಿತ್ತು. ನನಗೆ ಹೆದರಿಕೆಯಾಯಿತು, ಆಸೆಯೂ ಆಯಿತು. ಯಾವುದು ಹೆಚ್ಚು ಎಂದು ಕೇಳಿದ್ದರೆ ಆಸೆಯೇ ಅನ್ನುತ್ತಿದ್ದೆ.

ಬೇಸಗೆಯಾದ್ದರಿಂದ ಬೆಟ್ಟದ ಬುಡದ ಕೆರೆ ಒಣಗಿ ಅಂಗಳವಾಗಿತ್ತು. ಅಲ್ಲಿಯೇ ನನ್ನ ಪಾಠ. ಸೀರೆಗೆ ಕಚ್ಚೆ ಹಾಕಿಕೊಂಡು ಹತ್ತಿದೆ. ಮಾವ ಹಿಂದಿನಿಂದ ಸೀಟು ಹಿಡಿದುಕೊಂಡು ಓಡಿದರು. "ಕಣ್ಣು ಗಾಲಿ ಮೇಲೆ ಇಡಬೇಡ ಕಣಮ್ಮ. ದೂರದಲ್ಲಿ ಆ ಬಾಂದುಕಲ್ಲು ಇದೆಯಲ್ಲ, ಅದನ್ನ ನೋಡ್ಕೊಂಡು ತುಳಿ," ಅಂದರು. ಎರಡು ಊರಿನ ಗಡಿ ತೋರಿಸಲು ನೆಟ್ಟಿದ್ದ ಕಲ್ಲು ಅದು. ನಾನು ಅದನ್ನೇ ದಿಟ್ಟಿಸಿ ತುಳಿದೆ. ಅವರು ಯಾವಾಗ ಕೈಬಿಟ್ಟರೋ ತಿಳಿಯಲಿಲ್ಲ. ಅಷ್ಟು ದೊಡ್ಡ ಕೆರೆ ಅಂಗಳದಲ್ಲಿ ಬೇರೆ ಎಲ್ಲಿಗೂ ಹೋಗದೆ ನೇರವಾಗಿ ಆ ಕಲ್ಲಿಗೇ ಹೋಗಿ ಗುದ್ದಿದೆ.

ಮಾವ ಏದುಸಿರು ಬಿಡುತ್ತಾ ಬಂದು ನನ್ನನ್ನು ಎಬ್ಬಿಸಿ, ಕಲ್ಲು ಅಲುಗಿದೆಯೇ ಎಂದು ಮುಟ್ಟಿ ನೋಡಿದರು. "ಗಡಿ ಸರಿದಿಲ್ಲ. ಇನ್ನೊಂದು ಸಲ ಹತ್ತು," ಅಂದರು.

ಹದಿನೈದು ದಿನಗಳಲ್ಲಿ ನಾನು ಕಲಿತೆ. ಮಂಡಿಯ ಗಾಯ ಮಾಯುವುದಕ್ಕೆ ಮೊದಲೇ ನಾವಿಬ್ಬರೂ ದಾರಿಗಿಳಿದೆವು.

ಮದ್ರಾಸಿನ ದೊಡ್ಡ ರಸ್ತೆಯಲ್ಲಿ ಮಿಲಿಟರಿ ಲಾರಿಗಳು ಸಾಲಾಗಿ ಓಡುತ್ತಿದ್ದುದರಿಂದ ಮಾವ ಆ ಕಡೆ ತಲೆ ಹಾಕುತ್ತಿರಲಿಲ್ಲ. ಅವರ ದಾರಿಗಳೇ ಬೇರೆ. ಬೆಟ್ಟದ ಮಗ್ಗುಲಿಗೆ ಅಂಟಿಕೊಂಡು ಹೋಗುವ ಬಂಡಿ ಜಾಡು, ಒಂದು ಕೆರೆಯ ಏರಿಯಿಂದ ಇನ್ನೊಂದು ಕೆರೆಯ ಏರಿಗೆ ಇಳಿಯುವ ಹಾದಿ, ತಂಗಡಿ ಹೂವು ಹಳದಿಯಾಗಿ ಅರಳಿದ ಕುರುಚಲು ಕಾಡಿನ ಅಂಚು. ಹುತ್ತೂರಿನ ಕಡೆ ಹೋದರೆ ಹಿಪ್ಪುನೇರಳೆ ತೋಟಗಳು, ಜಗಲಿಗಳ ಮೇಲೆ ರೇಷ್ಮೆಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗಳು. ಶ್ರೀನಿವಾಸಪುರದ ಕಡೆ ಮಾವಿನ ತೋಪುಗಳು ಒಂದಕ್ಕೊಂದು ತಾಗಿಕೊಂಡು, ಬಿಸಿಲಿನಲ್ಲೂ ನೆರಳಿನಲ್ಲಿ ತುಳಿಯುವ ಸುಖ. ಆ ದಾರಿಗಳಲ್ಲಿ ಎದುರು ಸಿಗುತ್ತಿದ್ದದ್ದು ಎತ್ತಿನ ಗಾಡಿ, ಕುರಿ ಮಂದೆ, ಒಮ್ಮೊಮ್ಮೆ ನವಿಲು.

ಮೊದಲ ದಿನದಿಂದಲೂ ಅವರದೊಂದು ನಿಯಮ. ನಾನು ಮುಂದೆ, ಅವರು ಹಿಂದೆ. ಮುಂದೆ ಕಂಡದ್ದನ್ನೆಲ್ಲ ನಾನು ಜೋರಾಗಿ ಹೇಳುತ್ತಾ ಹೋಗಬೇಕು.

"ಎಡಕ್ಕೆ ಗುಂಡಿ, ಮಾವ."

"ಹೂಂ."

"ಗಾಡಿ ಬರ್ತಿದೆ. ಮೂರು ಮೇಕೆ ಇದಾವೆ."

"ಹೂಂ. ಹೇಳ್ತಾ ಇರು. ಹೇಳ್ತಾ ಹೋದ್ರೆ ಕಣ್ಣು ಚುರುಕಾಗುತ್ತೆ."

ಇದೂ ಪಾಠದ ಒಂದು ಭಾಗ ಎಂದು ನಾನು ನಂಬಿದ್ದೆ. ಹೊರಡುವಾಗ ಅವರು "ಆ ಕೆಂಪು ಸೀರೇನೇ ಉಟ್ಕೊ" ಅನ್ನುತ್ತಿದ್ದರು. ಅದು ಹಳೆಯ ಸೀರೆ, ಕೆಸರಾದರೆ ನಷ್ಟವಿಲ್ಲ ಅಂತ ಹೇಳುತ್ತಿದ್ದಾರೆ ಅಂದುಕೊಂಡಿದ್ದೆ.

ಹಳ್ಳಿಗಳಲ್ಲಿ ನಮ್ಮನ್ನು ನೋಡಿದವರು ಮೊದಮೊದಲು ದಂಗಾದರು. ಮುಳಬಾಗಿಲಿನ ಕಡೆ ಒಂದು ಊರಿನಲ್ಲಿ ನನ್ನ ಸೈಕಲ್ ಕಂಡದ್ದೇ ತಾಯಂದಿರು ಮಕ್ಕಳನ್ನು ಎತ್ತಿಕೊಂಡು ಒಳಗೋಡಿ ಬಾಗಿಲು ಹಾಕಿಕೊಂಡರು. ಸಿಡುಬಿನ ಸೂಜಿ ಚುಚ್ಚುವ ನರ್ಸಮ್ಮ ಬಂದಳು ಅಂತ ಸುದ್ದಿಯಾಗಿತ್ತು. ಒಬ್ಬ ಮುದುಕಿ ಮಾತ್ರ ಜಗಲಿಯಿಂದ ಏಳದೆ "ಎಕ್ಕಡಿಕಮ್ಮಾ ಪೋತಾವು?" ಎಂದು ತೆಲುಗಿನಲ್ಲಿ ಕೇಳಿದಳು.

"ಎಲ್ಲಿಗೂ ಇಲ್ಲಜ್ಜಿ, ಸುಮ್ಮನೆ ಬಂದ್ವಿ," ಅಂದೆ.

"ಸುಮ್ಮನೆನಾ? ಕೆಲ್ಸ ಏನೂ ಇಲ್ದೆ ಇಷ್ಟು ದೂರ ಬಂದ್ರಾ?" ಮುದುಕಿಗೆ ಅದು ಸೈಕಲ್‌ಗಿಂತ ದೊಡ್ಡ ಆಶ್ಚರ್ಯ. ಒಳಗಿನಿಂದ ಮಜ್ಜಿಗೆ ತರಿಸಿ ಕುಡಿಸಿದಳು. ಸೂಜಿ ಇಲ್ಲ ಅಂತ ಖಾತ್ರಿಯಾದ ಮೇಲೆ ಬಾಗಿಲುಗಳು ಒಂದೊಂದಾಗಿ ತೆರೆದವು.

ಹೀಗೆ ಒಂದು ವರ್ಷ ಕಳೆಯಿತು. ಟೈರು ಸಿಗುವುದು ಕಷ್ಟವಾಗಿ, ಹಳೆಯ ಟೈರಿನ ತುಂಡುಗಳನ್ನೇ ಒಳಗೆ ಒತ್ತುಕೊಟ್ಟು ಓಡಿಸುತ್ತಿದ್ದೆವು. ಗಾಲಿ ಒಂದು ಸುತ್ತು ತಿರುಗಿದಾಗಲೆಲ್ಲ ಸೀಟಿನ ಕೆಳಗೆ ಒಂದು ಕುಲುಕು. ನನಗೆ ಅದೂ ಇಷ್ಟವಾಗಿಬಿಟ್ಟಿತ್ತು.

ಒಂದು ಚಳಿಗಾಲದ ಬೆಳಿಗ್ಗೆ ಮಾಲೂರಿನ ಕಡೆ ಹೊರಟೆವು. ಅಲ್ಲಿ ಕಾಡು ದಾಟಿದ ಮೇಲೆ ಒಂದು ಉದ್ದನೆಯ ಇಳಿಜಾರು, ಅದು ಮುಗಿಯುವಲ್ಲಿ ಬಲಕ್ಕೆ ತಿರುವು, ತಿರುವಿನಲ್ಲಿ ಒಂದು ದ್ರಾಕ್ಷಿ ತೋಟ. ಕಲ್ಲುಕಂಬಗಳ ಮೇಲೆ ತಂತಿ ಬಿಗಿದು, ಬಳ್ಳಿಯನ್ನು ಚಪ್ಪರದ ಹಾಗೆ ಹಬ್ಬಿಸಿದ್ದರು. ಮೇಲಿನಿಂದ ನೋಡಿದರೆ ಹಸಿರು ಜಮಖಾನೆ ಹಾಸಿದಂತೆ ಕಾಣುತ್ತಿತ್ತು. ನಾನು ಬ್ರೇಕ್ ಬಿಟ್ಟೆ. ತಣ್ಣನೆಯ ಗಾಳಿ ಕಿವಿಯಲ್ಲಿ ಸುಂಯ್ಗುಟ್ಟಿತು. ಆ ಖುಷಿಯಲ್ಲಿ ಬಾಯಿ ಬಿಡುವುದನ್ನೇ ಮರೆತೆ. ತಿರುವು ದಾಟಿ ಬಹಳ ದೂರ ಹೋದ ಮೇಲೆ ಹಿಂದೆ ಬೇಲಿ ಮುರಿದ ಸದ್ದು, ತಂತಿ ಜಗ್ಗಿದ ಸದ್ದು.

ತಿರುಗಿ ಬಂದು ನೋಡಿದರೆ ಮಾವ ರಸ್ತೆ ಬಿಟ್ಟು ನೇರವಾಗಿ ಚಪ್ಪರದ ಕೆಳಕ್ಕೆ ನುಗ್ಗಿದ್ದರು. ಸೈಕಲ್ ಒಂದು ಕಂಬಕ್ಕೆ ಒರಗಿತ್ತು. ಅವರು ಪಾತಿಯ ಮೆತ್ತನೆಯ ಗೊಬ್ಬರದ ಮೇಲೆ ಕೂತಿದ್ದರು. ಪೇಟ ಮೇಲೆ ಬಳ್ಳಿಯಲ್ಲಿ ನೇತಾಡುತ್ತಿತ್ತು. ಮೊಣಕೈ ತರಚಿದ್ದು ಬಿಟ್ಟರೆ ಪೆಟ್ಟೇನೂ ಆಗಿರಲಿಲ್ಲ.

ತೋಟದ ಯಜಮಾನ ಕತ್ತರಿ ಹಿಡಿದುಕೊಂಡೇ ಓಡಿ ಬಂದ. ಬಿಳಿ ಗಡ್ಡದ ಮುಸಲ್ಮಾನ ಮುದುಕ. ಮಾವನ ಕೈಹಿಡಿದು ಎಬ್ಬಿಸಿ, ಪೇಟವನ್ನು ಬಿಡಿಸಿ ಕೊಡವಿ ಕೊಟ್ಟ.

"ರಸ್ತೆ ಇಲ್ಲಿ ತಿರುಗುತ್ತೆ ಸಾಬ್. ನಾನು ಹುಟ್ಟಿದಾಗಿಂದ ಇಲ್ಲೇ ತಿರುಗ್ತಾ ಇದೆ."

"ಗೊತ್ತು. ಇದನ್ನ ಅಳೆದವನೇ ನಾನು."

"ಮತ್ತೆ?"

ಮಾವ ಪೇಟ ಕಟ್ಟಿಕೊಳ್ಳುತ್ತಾ ಇದ್ದವರು ಕೈ ನಿಲ್ಲಿಸಿದರು. "ಕಾಣಿಸಲಿಲ್ಲ," ಅಂದರು.

ಅವರು ಅದನ್ನು ಎಷ್ಟು ಸಹಜವಾಗಿ ಹೇಳಿದರೆಂದರೆ, ಒಂದು ಕ್ಷಣ ನನಗೆ ಅರ್ಥವೇ ಆಗಲಿಲ್ಲ. ಆಮೇಲೆ ಒಂದು ವರ್ಷದ ಗುಂಡಿಗಳು, ಗಾಡಿಗಳು, ಮೇಕೆಗಳು ಎಲ್ಲ ಒಟ್ಟಿಗೆ ನೆನಪಾದವು. ಬಲಗಣ್ಣು ಹೋಗಿ ಎರಡು ವರ್ಷವಾಗಿತ್ತಂತೆ. ಎಡಗಣ್ಣಿನ ಮುಂದೆ ಯಾವಾಗಲೂ ಹಾಲು ಕದಡಿದ ಹಾಗೆ ಮಂಜು. "ಅದರಲ್ಲಿ ನಿನ್ನ ಕೆಂಪು ಸೀರೆ ಕಾಣುತ್ತೆ. ಅದು ಹೋದ ಕಡೆ ನಾನು ಹೋಗ್ತೀನಿ. ಇವತ್ತು ಇಳಿಜಾರಲ್ಲಿ ನೀನು ದೂರ ಹೋಗಿಬಿಟ್ಟೆ," ಅಂದರು.

ನನಗೆ ಅಳು ಬಂತು. ಅವರಿಗೆ ಸೈಕಲ್ ಬಿಡಲು ಮನಸ್ಸಿಲ್ಲ, ಒಬ್ಬರೇ ಹೋಗಲು ಧೈರ್ಯವಿಲ್ಲ. ಅದಕ್ಕೆ ನನಗೊಂದು ಸೈಕಲ್ ತಂದಿದ್ದರು. ಸಿಟ್ಟೂ ಬಂತು. "ನನಗೆ ಹೇಳಬಾರದಿತ್ತಾ ಮಾವ? ಏನಾದ್ರೂ ಆಗಿದ್ರೆ?"

"ಹೇಳಿದ್ರೆ ನೀನು ಕರಕೊಂಡು ಹೋಗ್ತಿರಲಿಲ್ಲ."

ತೋಟದ ಮುದುಕ ಹತ್ತಿರ ಬಂದು ಮಾವನ ಕಣ್ಣನ್ನು ಬೆಳಕಿಗೆ ತಿರುಗಿಸಿ ನೋಡಿದ. "ಪೊರೆ ಬಂದಿದೆ. ನಮ್ಮ ಆಪಾಗೂ ಹಿಂಗೇ ಆಗಿತ್ತು, ನಮ್ಮ ಅಕ್ಕಂಗೆ. ಬೆಂಗಳೂರಲ್ಲಿ ತೆಗೆಸಿದ್ವಿ. ಈಗ ಅಕ್ಕಿಯಲ್ಲಿ ಕಲ್ಲು ಆರಿಸ್ತಾಳೆ, ನಮ್ಮನ್ನ ಬೈತಾಳೆ."

"ಕಣ್ಣಿಗೆ ಕತ್ತಿ ಹಾಕೋಕೆ ನಾನು ಬಿಡಲ್ಲ," ಅಂದರು ಮಾವ.

"ಆಪಾನೂ ಹಿಂಗೇ ಅಂದ್ಲು," ಅಂದ ಮುದುಕ. ಮುರಿದ ಬೇಲಿಯ ಬಗ್ಗೆ ಒಂದು ಮಾತೂ ಆಡದೆ, ಕಪ್ಪು ದ್ರಾಕ್ಷಿಯ ಎರಡು ಗೊಂಚಲು ಕತ್ತರಿಸಿ ಮುತ್ತುಗದ ಎಲೆಯಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟ. ಬರುವಾಗ ಇಡೀ ದಾರಿ ನಾನು ಒಂದು ಕಲ್ಲನ್ನೂ ಬಿಡದೆ ಕೂಗಿ ಹೇಳಿದೆ. ಮನೆ ಹತ್ತಿರ ಬಂದಾಗ ಮಾವ ಇಳಿದು, "ನಿಮ್ಮತ್ತೆಗೆ ಹೇಳಬೇಡ," ಅಂದರು. ನಾನು ಒಪ್ಪಿಕೊಂಡೆ. ತಪ್ಪು ಮಾಡುತ್ತಿದ್ದೇನೆ ಅನ್ನಿಸಿದರೂ ಒಪ್ಪಿಕೊಂಡೆ.

ಇದಾದ ಎರಡು ತಿಂಗಳಿಗೆ ಯಲ್ದೂರಿನಿಂದ ಕಾಗದ ಬಂತು. ಅತ್ತೆಯ ತಂಗಿಯ ಮಗಳಿಗೆ ಸೀಮಂತ. ಪೆಟ್ರೋಲ್ ಇಲ್ಲದ ಕಾಲ, ಬಸ್ಸುಗಳು ಇದ್ದಿಲ ಹೊಗೆಯಲ್ಲಿ ಓಡುತ್ತಿದ್ದವು. ಹಿಂದೆ ಒಂದು ದೊಡ್ಡ ಒಲೆ ಕಟ್ಟಿಕೊಂಡು, ಏರು ಬಂದರೆ ಜನರನ್ನೆಲ್ಲ ಇಳಿಸಿ ಕೆಮ್ಮುತ್ತಾ ಹತ್ತುತ್ತಿದ್ದವು. ಆ ಬಸ್ಸೂ ಕೆಟ್ಟು ಒಂದು ವಾರವಾಗಿತ್ತು. ಅತ್ತೆ ಎರಡು ದಿನ ಮುಖ ಸಣ್ಣ ಮಾಡಿಕೊಂಡು ಓಡಾಡಿದರು. ಮೂರನೆಯ ದಿನ ನಾನು ಸೈಕಲ್ ಒರೆಸುತ್ತಿದ್ದಾಗ ಹತ್ತಿರ ಬಂದು ನಿಂತರು.

"ಇದರ ಹಿಂದೆ ಕೂರೋಕೆ ಜಾಗ ಇದೆಯಲ್ಲ?"

"ಇದೆ ಅತ್ತೆ."

"ನನ್ನನ್ನ ಹೊರುತ್ತಾ?"

ಅತ್ತೆ ತೆಳ್ಳಗಿದ್ದರು. ಹೊರುತ್ತದೆ ಅಂದೆ. ಮಾವ ಜಗಲಿಯಿಂದಲೇ, "ನನ್ನ ಸೈಕಲ್ ಗಟ್ಟಿ. ನನ್ನ ಹಿಂದೆ ಕೂತ್ಕೊ," ಅಂದರು. ಅತ್ತೆ ಅವರ ಕಡೆ ನೋಡಲೇ ಇಲ್ಲ. "ನಾನು ಸೊಸೆ ಹಿಂದೆ ಕೂತ್ಕೋತೀನಿ," ಅಂದರು. ಮಾವನಿಗೆ ಬೇಸರವಾಯಿತು.

ಮರುದಿನ ಬೆಳಕಾಗುತ್ತಲೇ ಹೊರಟೆವು. ಅತ್ತೆ ಕ್ಯಾರಿಯರ್ ಮೇಲೆ ಮಡಿಸಿದ ಕಂಬಳಿ ಹಾಕಿಕೊಂಡು, ಒಂದು ಕೈಯಲ್ಲಿ ಚಕ್ಕುಲಿಯ ಡಬ್ಬಿ, ಇನ್ನೊಂದು ಕೈಯಲ್ಲಿ ನನ್ನ ಸೊಂಟ ಹಿಡಿದು ಕೂತರು. ಊರು ದಾಟುವವರೆಗೂ ಸೆರಗಿನಿಂದ ಮುಖ ಮುಚ್ಚಿಕೊಂಡಿದ್ದರು. ಮೊದಲ ಇಳಿಜಾರಿನಲ್ಲಿ ನನ್ನ ಸೊಂಟ ಚಿವುಟಿ ಹೋಗುವಷ್ಟು ಬಿಗಿಹಿಡಿದರು. ಎರಡನೆಯ ಇಳಿಜಾರಿನಲ್ಲಿ ಸೆರಗು ಹಾರಿಹೋಯಿತು, ಅವರು ಎಳೆದುಕೊಳ್ಳಲಿಲ್ಲ. ಮೂರನೆಯದರಲ್ಲಿ ಹಿಂದಿನಿಂದ ದನಿ ಬಂತು.

"ಬ್ರೇಕ್ ಯಾಕೆ ಹಿಡೀತೀಯ? ಸ್ವಲ್ಪ ಜೋರಾಗೇ ಬಿಡು."

ಕಾಡಿನ ನಡುವೆ ಏರು ಬಂದಾಗ ಇಳಿದು ನಡೆದೆವು. ಮಾವ ನಮ್ಮ ಹಿಂದೆ ಸೈಕಲ್ ತಳ್ಳಿಕೊಂಡು ನಿಧಾನವಾಗಿ ಬರುತ್ತಿದ್ದರು. ಅತ್ತೆ ನನ್ನ ಪಕ್ಕಕ್ಕೆ ಸರಿದು ಮೆಲ್ಲಗೆ ಕೇಳಿದರು.

"ಅವರಿಗೆ ಈಗ ಎಷ್ಟು ಕಾಣುತ್ತೆ?"

ನನ್ನ ಕಾಲು ನಿಂತಿತು.

"ನಡಿ, ನಡಿ. ಅವರಿಗೆ ಗೊತ್ತಾಗುತ್ತೆ. ಎಲೆ ಮುಂದೆ ಕೂತ್ರೆ ಉಪ್ಪು ಎಲ್ಲಿ ಬಡಿಸಿದೀನಿ ಅಂತ ಬೆರಳಲ್ಲಿ ತಡಕ್ತಾರೆ. ಎರಡು ವರ್ಷದಿಂದ ನೋಡ್ತಿದೀನಿ. ನಾನು ಕೇಳಿದ್ರೆ ಇಲ್ಲ ಅಂತಾರೆ, ಕೇಳಿಬಿಟ್ಟೆ ಅಂತ ನೊಂದ್ಕೋತಾರೆ. ನಿನಗೆ ಸೈಕಲ್ ತಂದ ದಿನ, ಸದ್ಯ ಇನ್ನು ಒಬ್ಬರೇ ಹೋಗಲ್ಲವಲ್ಲ ಅಂತ ಸುಮ್ಮನಾದೆ."

ಆ ದಿನ ಜೋರಾಗಿ ರಾಗಿ ಬೀಸುತ್ತಿದ್ದವರ ಮನಸ್ಸಿನಲ್ಲಿ ಇದಿತ್ತು. ನಾನು ಮಾತ್ರ ಒಂದು ವರ್ಷ ಅವರಿಗೆ ಹೆದರಿಕೊಂಡೇ ಸೈಕಲ್ ಹತ್ತಿದ್ದೆ. ದ್ರಾಕ್ಷಿ ತೋಟದ ಸಂಗತಿಯನ್ನು ಅಲ್ಲೇ ಅವರಿಗೆ ಹೇಳಿಬಿಟ್ಟೆ. ಪೇಟ ಬಳ್ಳಿಯಲ್ಲಿ ನೇತಾಡಿದ್ದನ್ನು ಕೇಳಿ ಅತ್ತೆ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು, ನಗುತ್ತಲೇ ಕಣ್ಣೊರೆಸಿಕೊಂಡರು.

ಏರು ಮುಗಿದ ಮೇಲೆ ಒಂದು ಕೆರೆ, ದಡದಲ್ಲಿ ಹೊಂಗೆ ಮರ. ಅದರ ನೆರಳಿನಲ್ಲಿ ಕೂತು ಅತ್ತೆ ಡಬ್ಬಿ ತೆಗೆದು ಚಕ್ಕುಲಿ ಹಂಚಿದರು. ಮಾವನ ಕೈಗೆ ಚಕ್ಕುಲಿ ಇಟ್ಟು, ಆ ಕೈಯನ್ನು ಹಾಗೇ ಹಿಡಿದುಕೊಂಡರು.

"ಸೀಮಂತ ಮುಗಿಸ್ಕೊಂಡು ಬೆಂಗಳೂರಿಗೆ ಹೋಗೋಣ. ಕಣ್ಣಿನ ಆಸ್ಪತ್ರೆಗೆ."

ಮಾವ ನನ್ನ ಕಡೆ ತಿರುಗಿದರು. "ಹೇಳಿಬಿಟ್ಟೆಯಾ?"

"ಅವಳೇನೂ ಹೇಳಲಿಲ್ಲ. ನನಗೆ ಮೊದಲೇ ಗೊತ್ತು," ಅಂದರು ಅತ್ತೆ. "ಬರ್ತೀರೋ ಇಲ್ವೋ? ಬರಲ್ಲ ಅಂದ್ರೆ ನಾನು ಯಲ್ದೂರಲ್ಲೇ ಉಳೀತೀನಿ."

ಮಾವ ಕೆರೆಯ ಕಡೆ ಮುಖ ಮಾಡಿ ಚಕ್ಕುಲಿ ಅಗಿದರು. "ನೋವಾಗುತ್ತಂತೆ," ಅಂದರು, ಬಹಳ ಸಣ್ಣ ದನಿಯಲ್ಲಿ. ಕಾಡಿನಲ್ಲಿ ಚಿರತೆ ಹೆಜ್ಜೆ ಕಂಡರೂ ಸರಪಳಿ ಮಡಚದ ಮನುಷ್ಯ ಅವರು. ಅವರ ಬಾಯಿಂದ ಆ ಮಾತು ಕೇಳಿ ನಾನು ಬೇರೆ ಕಡೆ ನೋಡಿದೆ.

"ನಾನು ಪಕ್ಕದಲ್ಲೇ ಇರ್ತೀನಿ," ಅಂದರು ಅತ್ತೆ.

ಸೀಮಂತದ ಮನೆಯಲ್ಲಿ ಬಸುರಿಗಿಂತ ಅತ್ತೆಯ ಸುತ್ತಲೇ ಹೆಚ್ಚು ಹೆಂಗಸರು ಸೇರಿದ್ದರು. ಸೈಕಲ್ ಮೇಲೆ ಬಂದದ್ದನ್ನು ಅವರು ಐದಾರು ಸಲ ಹೇಳಿದರು. ಪ್ರತಿ ಸಲವೂ ಇಳಿಜಾರು ಇನ್ನಷ್ಟು ಕಡಿದಾಗುತ್ತಾ ಹೋಯಿತು.

ಬೆಂಗಳೂರಿನ ಆಸ್ಪತ್ರೆಯಲ್ಲಿ ಮೊದಲು ಎಡಗಣ್ಣಿನ ಪೊರೆ ತೆಗೆದರು. ಆಗ ತಲೆಯ ಎರಡೂ ಪಕ್ಕಕ್ಕೆ ಮರಳಿನ ಚೀಲ ಇಟ್ಟು ದಿನಗಟ್ಟಲೆ ಅಲುಗದಂತೆ ಮಲಗಿಸುತ್ತಿದ್ದರು. ಅತ್ತೆ ಮಂಚದ ಪಕ್ಕದಿಂದ ಕದಲಲಿಲ್ಲ. ಚಮಚದಲ್ಲಿ ಗಂಜಿ ಕುಡಿಸುತ್ತಾ, ಮನೆಯ ಹಳೆಯ ಕಥೆಗಳನ್ನೆಲ್ಲ ಹೇಳುತ್ತಾ ಕೂತರು. ನಾನೂ ನನ್ನ ಗಂಡನೂ ಭಾನುವಾರ ರೈಲಿನಲ್ಲಿ ಹೋಗಿ ನೋಡಿಕೊಂಡು ಬರುತ್ತಿದ್ದೆವು. ಪಟ್ಟಿ ಬಿಚ್ಚಿದ ದಿನ ನಾವಿಬ್ಬರೂ ಅಲ್ಲಿದ್ದೆವು. ಡಾಕ್ಟರು ದಪ್ಪ ಗಾಜಿನ ಕನ್ನಡಕ ಹಾಕಿ ನೋಡಲು ಹೇಳಿದರು. ಮಾವ ಅತ್ತೆಯ ಮುಖವನ್ನು ನೋಡಿದರು, ಬಹಳ ಹೊತ್ತು ನೋಡಿದರು.

"ಇಷ್ಟೊಂದು ಕೂದಲು ಯಾವಾಗ ಬೆಳ್ಳಗಾಯ್ತು?"

"ನೀವು ನೋಡದೇ ಇದ್ದಾಗ," ಅಂದರು ಅತ್ತೆ.

ಮುಂದೆ ಬಲಗಣ್ಣಿಗೂ ಮಾಡಿಸಿದರು, ಅದು ಅಷ್ಟಾಗಿ ಕೈಗೂಡಲಿಲ್ಲ. ಎಡಗಣ್ಣೇ ಸಾಕಾಯಿತು. ಡಾಕ್ಟರು ಆರು ತಿಂಗಳು ಸೈಕಲ್ ಮುಟ್ಟಬಾರದು ಅಂದಿದ್ದರು. ಮಾವ ನಾಲ್ಕೂವರೆ ತಿಂಗಳು ತಡೆದುಕೊಂಡರು.

ಅವರು ಕನ್ನಡಕ ಹಾಕಿಕೊಂಡು ಮೊದಲು ಹೊರಟದ್ದು ಮುಳಬಾಗಿಲಿನ ಕಡೆಗೆ. ಈ ಸಲ ಅವರೇ ಮುಂದೆ. ಬೆಟ್ಟ, ಬಂಡೆ, ಮರ, ಎಲ್ಲವನ್ನೂ ಹೊಸದಾಗಿ ಕಂಡವರಂತೆ ಕತ್ತು ತಿರುಗಿಸುತ್ತಾ ತುಳಿದರು. ಒಂದು ಕಡೆ ನಿಂತು ಹಿಂದಕ್ಕೆ ತಿರುಗಿ, "ಗುಂಡಿ ತಪ್ಪಿಸೋಕೆ ಇಲ್ಲಿ ಬಲಗಡೆ ಇಷ್ಟು ಜಾಗ ಇದೆಯಲ್ಲ. ಇಷ್ಟು ದಿನ ನನ್ನನ್ನ ಎಡಗಡೆ ಕಲ್ಲಿನ ಮೇಲೆ ಯಾಕೆ ಕರಕೊಂಡು ಹೋಗ್ತಿದ್ದೆ?" ಎಂದು ಕೇಳಿದರು.

"ನನಗೆ ಎಡಗಡೆ ನೆರಳು ಬೇಕಿತ್ತು ಮಾವ."

ಅವರು ಜೋರಾಗಿ ನಕ್ಕರು. ಆಮೇಲೆ ಇಳಿಜಾರಿನಲ್ಲಿ ಎಷ್ಟು ಬೇಗ ಹೋದರೆಂದರೆ, ನಿಧಾನ ಹೋಗಿ ಅಂತ ನಾನೇ ಹಿಂದಿನಿಂದ ಕೂಗಬೇಕಾಯಿತು. ನಂಗಲಿಯವರೆಗೂ ಹೋದೆವು. ದೊಡ್ಡ ರಸ್ತೆಯ ಬದಿಯ ಅಂಗಡಿಯಲ್ಲಿ ಕಾಫಿ ಕುಡಿದು, ಗಡಿ ದಾಟಿ ಮದ್ರಾಸಿನ ಕಡೆಗೆ ಹೋಗುವ ಲಾರಿಗಳನ್ನು ನೋಡುತ್ತಾ ಸ್ವಲ್ಪ ಹೊತ್ತು ಕೂತು ತಿರುಗಿದೆವು.

ಎರಡು ವರ್ಷದ ಮೇಲೆ ಹುತ್ತೂರಿನ ಕಡೆಯ ಒಂದು ಹಳ್ಳಿಯ ಶಾಲೆಗೆ ಉಪಾಧ್ಯಾಯಿನಿ ಬೇಕಾಗಿದ್ದರು. ಬಸ್ಸಿಲ್ಲದ ಊರೆಂದು ಯಾರೂ ಒಪ್ಪಿರಲಿಲ್ಲ. ಮದುವೆಗೆ ಮೊದಲೇ ಮಿಡ್ಲ್ ಸ್ಕೂಲ್ ಪಾಸಾಗಿದ್ದ ನಾನು ಒಪ್ಪಿದೆ. ಮೊದಲ ದಿನ ಮಾವ ನನ್ನ ಜೊತೆ ಶಾಲೆಯವರೆಗೂ ಬಂದು, ಆಗಷ್ಟೇ ಬಂದು ಸೇರುತ್ತಿದ್ದ ಮಕ್ಕಳನ್ನು ದಪ್ಪ ಕನ್ನಡಕದೊಳಗಿನಿಂದ ಒಬ್ಬೊಬ್ಬರನ್ನಾಗಿ ನೋಡಿ, ಸೈಕಲ್ ತಿರುಗಿಸಿದರು. ಸಂಜೆ ನಾನು ಮನೆಗೆ ಬಂದಾಗ ಅವರಿನ್ನೂ ಬಂದಿರಲಿಲ್ಲ. ಅತ್ತೆ ಬಾಗಿಲಲ್ಲಿ ನಿಂತು ಬೈಯುತ್ತಿದ್ದರು. ನಾನು ಕಾಲು ತೊಳೆದು ಕಾಫಿ ಕುಡಿಯುವಷ್ಟರಲ್ಲಿ ಬಂದರು, ಶರ್ಟಿನ ಜೇಬಿನ ತುಂಬ ಕಾರೆಹಣ್ಣು ತುಂಬಿಕೊಂಡು.

"ಅಲ್ಲೊಂದು ಹೊಸ ಹಾದಿ ಸಿಕ್ತು ಕಣಮ್ಮ," ಅಂದರು. "ಸ್ವಲ್ಪ ಸುತ್ತು. ಆದ್ರೆ ಚೆನ್ನಾಗಿದೆ."